ವಾಲಿಬಾಲ್ ಆಟಗಾರನ ನೆಗೆತ: ಅಳತೆ ಮತ್ತು ಅಂದಾಜು

ಮಳೆಗಾಲ ಕಳೆದು ಗದ್ದೆಯ ಕೊಯ್ಲು ಮುಗಿಯಿತೆಂದರೆ ದಕ್ಷಿಣ ಕನ್ನಡದ ಹಳ್ಳಿಹಳ್ಳಿಗಳಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟಗಳು ಮೊದಲಾಗುತ್ತವೆ. ಎರಡು ಕಂಬಗಳ ನಡುವೆ ಬಿಗಿದ ಬಲೆ, ಸುಣ್ಣದ ಗೆರೆ, ಸುತ್ತಲೂ ನೆರೆದ ಜನ. ಆಟಗಾರನೊಬ್ಬನು ಮೂರು ಹೆಜ್ಜೆ ಓಡಿ ಬಂದು ನೆಲವನ್ನು ಒದ್ದು ಮೇಲೇಳುತ್ತಾನೆ. ಅರೆಕ್ಷಣ ಗಾಳಿಯಲ್ಲಿಯೇ ನಿಂತುಬಿಟ್ಟನೋ ಎಂಬಂತೆ ತೋರುತ್ತದೆ. ಮರುಕ್ಷಣವೇ ಚೆಂಡು ಎದುರು ಪಕ್ಷದ ಅಂಗಳದಲ್ಲಿ ಬಿದ್ದಿರುತ್ತದೆ. ‘ಎಂಥ ನೆಗೆತ!’ ಎಂದು ನೋಡುವವರು ಬೆರಗಾಗುತ್ತಾರೆ. ಆದರೆ ಅವನು ನೆಗೆದುದು ನಿಜವಾಗಿ ಎಷ್ಟು ಎತ್ತರ ಎಂದು ವಿಚಾರಿಸಿದರೆ ಒಬ್ಬರು ಮೂರಡಿ ಎನ್ನುವರು, ಇನ್ನೊಬ್ಬರು ನಾಲ್ಕಡಿ ಎನ್ನುವರು. ಅಳೆದು ನೋಡಿದವರು ಯಾರೂ ಇರುವುದಿಲ್ಲ.

ಅಳೆಯದೆ ಆಡಿದ ಮಾತು ಆಟದ ಅಂಗಳದಲ್ಲಿಯೇ ಉಳಿದರೆ ಹಾನಿಯಿಲ್ಲ. ಆದರೆ ಅಳತೆಯ ಮೇಲೆ ಒಬ್ಬ ಹುಡುಗನ ಆಸೆ ನಿಂತಿರುವಾಗ ಸಂಗತಿ ಬೇರೆಯಾಗುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ವಿದ್ಯಾರ್ಥಿಯೊಬ್ಬನು ಪಾಠ ಮುಗಿದ ಬಳಿಕ ನನ್ನೆದುರು ಬಂದು ನಿಂತನು. ಒಂದು ತಂಡದ ಆಯ್ಕೆಗೆ ಹೋಗಿದ್ದನಂತೆ. ೪೫ ಸೆಂಟಿಮೀಟರು ನೆಗೆಯಬಲ್ಲವರಿಗೆ ಮಾತ್ರ ಅಲ್ಲಿ ಅವಕಾಶ. ಇವನ ನೆಗೆತ ೪೧ ಎಂದು ಬರೆದುಕೊಂಡು ಹಿಂದಕ್ಕೆ ಕಳುಹಿಸಿದ್ದರು. ‘ಸರ್, ಆ ೪೧ ನಿಜವೇ?’ ಎಂಬುದು ಅವನ ಪ್ರಶ್ನೆ. ಭೌತವಿಜ್ಞಾನವನ್ನು ಕಲಿಸುವವನಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ದೊರೆಯಲಾರದು. ಅವನಿಗೆ ನಾನು ಕೊಡಲೆತ್ನಿಸಿದ ಉತ್ತರವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಬಲೆಯ ಮೇಲಿನ ಎತ್ತರ

ವಾಲಿಬಾಲ್ ಹುಟ್ಟಿದ್ದು ೧೮೯೫ರಲ್ಲಿ, ಅಮೆರಿಕದ ಹೋಲಿಯೋಕ್ ಎಂಬ ಪಟ್ಟಣದ ವೈ.ಎಂ.ಸಿ.ಎ. ಸಂಸ್ಥೆಯಲ್ಲಿ. ಅಲ್ಲಿ ವ್ಯಾಯಾಮ ಶಿಕ್ಷಣದ ಹೊಣೆ ಹೊತ್ತಿದ್ದ ವಿಲಿಯಂ ಮಾರ್ಗನ್ ಎಂಬವರು, ಹೆಚ್ಚು ಮೈ ದಣಿಯದೆ ಆಡಬಹುದಾದ ಆಟವೊಂದು ಬೇಕೆಂದು ಇದನ್ನು ರೂಪಿಸಿದರು. ಆ ಸಂಸ್ಥೆಯ ಮೂಲಕವೇ ಆಟವು ಭಾರತಕ್ಕೂ ಬಂದಿತು. ೧೯೫೧ರಲ್ಲಿ ಭಾರತ ವಾಲಿಬಾಲ್ ಫೆಡರೇಷನ್ ಸ್ಥಾಪಿತವಾಯಿತು. ೧೯೬೪ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ವಾಲಿಬಾಲಿಗೆ ಮೊದಲ ಬಾರಿಗೆ ಸ್ಥಾನ ದೊರೆಯಿತು. ಮೈ ದಣಿಯದಿರಲೆಂದು ಹುಟ್ಟಿದ ಆಟವು ಇಂದು ಅತಿ ಹೆಚ್ಚು ನೆಗೆತವನ್ನು ಬೇಡುವ ಆಟಗಳಲ್ಲೊಂದಾಗಿದೆ. ನಮ್ಮ ಜಿಲ್ಲೆಯಿಂದಲೇ ಹೋದ ಅಶ್ವಲ್ ರೈ ಅವರು ಭಾರತ ತಂಡದಲ್ಲಿ ಆಡಿದವರು. ೨೦೨೨ರಲ್ಲಿ ಪ್ರೈಮ್ ವಾಲಿಬಾಲ್ ಲೀಗಿನ ಮೊದಲ ಪ್ರಶಸ್ತಿಯನ್ನು ಗೆದ್ದ ಕೋಲ್ಕತ್ತಾ ತಂಡದ ನಾಯಕರು. ಬಲೆಯ ನಡುಭಾಗದಲ್ಲಿ ನಿಂತು ಎದುರಾಳಿಯ ಹೊಡೆತವನ್ನು ತಡೆಯುವುದು ಅವರ ಕೆಲಸ. ಆ ಸ್ಥಾನದ ಆಟವೆಂದರೆ ಮತ್ತೆ ಮತ್ತೆ ನೆಗೆಯುವ ಆಟ.

ಗಂಡಸರ ಆಟದಲ್ಲಿ ಬಲೆಯ ಎತ್ತರ ೨.೪೩ ಮೀಟರು, ಹೆಂಗಸರ ಆಟದಲ್ಲಿ ೨.೨೪ ಮೀಟರು. ನಿಂತಲ್ಲಿಯೇ ಕೈಯನ್ನು ಪೂರ್ಣವಾಗಿ ಚಾಚಿದಾಗ ಬೆರಳ ತುದಿ ೨.೩೦ ಮೀಟರಿಗೆ ತಲಪುವ ಆಟಗಾರನೊಬ್ಬನಿದ್ದಾನೆಂದು ಇಟ್ಟುಕೊಳ್ಳೋಣ. ಅವನು ೫೦ ಸೆಂ.ಮೀ. ನೆಗೆದರೆ ಬೆರಳು ೨.೮೦ ಮೀಟರಿಗೆ, ಎಂದರೆ ಬಲೆಯ ಅಂಚಿನಿಂದ ೩೭ ಸೆಂ.ಮೀ. ಮೇಲಕ್ಕೆ ಮುಟ್ಟುತ್ತದೆ. ೨.೧೫ ಮೀಟರು ಮಾತ್ರ ನಿಲುಕುವ ಗಿಡ್ಡನೆಯ ಆಟಗಾರನು ಅದೇ ಎತ್ತರವನ್ನು ಮುಟ್ಟಬೇಕಾದರೆ ೬೫ ಸೆಂ.ಮೀ. ನೆಗೆಯಬೇಕು. ಆದ್ದರಿಂದ ನಿಲುಕು ಬೇರೆ, ನೆಗೆತ ಬೇರೆ. ಆಟಕ್ಕೆ ಬೇಕಾದುದು ಇವೆರಡರ ಮೊತ್ತ. ಈ ಭೇದವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಎಲ್ಲವೂ ನೆಲದ ಮೇಲೆಯೇ ತೀರ್ಮಾನವಾಗುತ್ತದೆ

ನೆಗೆತದ ಎತ್ತರ ನಿರ್ಧಾರವಾಗುವುದು ಎಲ್ಲಿ? ಗಾಳಿಯಲ್ಲಿ ಎಂದು ತೋರಿದರೂ ನಿಜವಾಗಿ ಅದು ನೆಲದ ಮೇಲೆಯೇ ನಿರ್ಧಾರವಾಗಿಬಿಡುತ್ತದೆ. ಕಾಲ್ಬೆರಳು ನೆಲವನ್ನು ಬಿಟ್ಟ ಕ್ಷಣದಲ್ಲಿ ದೇಹದ ಗುರುತ್ವ ಕೇಂದ್ರಕ್ಕೆ ಎಷ್ಟು ವೇಗವಿದೆಯೋ ಅಷ್ಟೇ ಆಟಗಾರನ ಬಂಡವಾಳ. ಆಮೇಲೆ ಅವನ ಮೇಲೆ ಗುರುತ್ವಾಕರ್ಷಣೆಯೊಂದೇ ಕೆಲಸ ಮಾಡುತ್ತದೆ. ಯಕ್ಷಗಾನದ ವೇಷಧಾರಿ ಧಿಗಿಣ ಹೊಡೆಯುವಾಗ ಗಾಳಿಯಲ್ಲಿ ಕೈಕಾಲುಗಳನ್ನು ಬೇಕಾದಂತೆ ಮಡಿಸಬಹುದು, ಚಾಚಬಹುದು. ಆದರೆ ಅವನ ಗುರುತ್ವ ಕೇಂದ್ರದ ಹಾದಿಯನ್ನು ಒಂದು ಕೂದಲೆಳೆಯಷ್ಟೂ ಬದಲಾಯಿಸಲಾರನು.

ನೆಗೆತದ ಎತ್ತರವನ್ನು ೨ರಿಂದಲೂ ಗುರುತ್ವ ವೇಗೋತ್ಕರ್ಷದಿಂದಲೂ ಗುಣಿಸಿ ವರ್ಗಮೂಲವನ್ನು ತೆಗೆದರೆ ನೆಲ ಬಿಡುವಾಗಿನ ವೇಗ ದೊರೆಯುತ್ತದೆ. ೫೦ ಸೆಂ.ಮೀ. ನೆಗೆತಕ್ಕೆ ಈ ವೇಗ ಸೆಕೆಂಡಿಗೆ ೩.೧೩ ಮೀಟರು. ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವವರೆಗಿನ ಕಾಲ ೦.೬೪ ಸೆಕೆಂಡು. ಹಾಗಾದರೆ ಆಟಗಾರ ಗಾಳಿಯಲ್ಲಿ ‘ನಿಂತಂತೆ’ ಕಾಣುವುದೇಕೆ? ಇದರಲ್ಲಿ ಮಾಯೆಯೇನೂ ಇಲ್ಲ. ಮೇಲೇರಿದಂತೆ ವೇಗ ಕುಗ್ಗುತ್ತ ಬರುವುದರಿಂದ, ಒಟ್ಟು ಕಾಲದ ಅರ್ಧ ಭಾಗವನ್ನು ಅವನು ನೆಗೆತದ ಮೇಲಿನ ಕಾಲುಭಾಗದಲ್ಲಿಯೇ ಕಳೆಯುತ್ತಾನೆ. ೫೦ ಸೆಂ.ಮೀ. ನೆಗೆದವನು ೦.೩೨ ಸೆಕೆಂಡಿನವರೆಗೆ ತುದಿಯಿಂದ ೧೨.೫ ಸೆಂ.ಮೀ. ಅಂತರದೊಳಗೇ ಇರುತ್ತಾನೆ. ನಮ್ಮ ಕಣ್ಣು ಹಿಡಿದಿಟ್ಟುಕೊಳ್ಳುವುದು ಆ ಭಾಗವನ್ನು.

ಇನ್ನು ಆ ವೇಗ ಬರುವುದು ಹೇಗೆಂಬುದನ್ನು ನೋಡೋಣ. ಆಟಗಾರ ಮಂಡಿ ಮಡಿಸಿ ತಗ್ಗಿದ ನಿಲುವಿನಿಂದ ನೆಲ ಬಿಡುವವರೆಗೆ ಅವನ ಗುರುತ್ವ ಕೇಂದ್ರ ೪೦ ಸೆಂ.ಮೀ. ಏರುವುದೆಂದು ಭಾವಿಸೋಣ. ಈ ೪೦ ಸೆಂ.ಮೀ. ದೂರದಲ್ಲಿ ಕಾಲುಗಳು ಮಾಡುವ ಕೆಲಸವು ದೇಹವನ್ನು ಒಟ್ಟು ೯೦ ಸೆಂ.ಮೀ. ಎತ್ತರಕ್ಕೆ ಏರಿಸುವಷ್ಟಿರಬೇಕು. ಆದ್ದರಿಂದ ನೆಲದ ಮೇಲಿನ ಸರಾಸರಿ ಒತ್ತು ದೇಹದ ತೂಕದ ಎರಡೂಕಾಲು ಪಟ್ಟಾಗುತ್ತದೆ. ೬೦ ಕಿಲೋಗ್ರಾಂ ತೂಕದ ಹುಡುಗ ೧೩೫ ಕಿಲೋಗ್ರಾಂ ಭಾರಕ್ಕೆ ಸಮನಾಗಿ ನೆಲವನ್ನು ಒತ್ತುತ್ತಾನೆ. ಇಷ್ಟೆಲ್ಲಕ್ಕೂ ಅವನ ಕಾಲಿಗೆ ದೊರೆಯುವ ಅವಕಾಶ ಸುಮಾರು ಕಾಲು ಸೆಕೆಂಡು ಮಾತ್ರ! ಬಹಳ ಭಾರವನ್ನು ನಿಧಾನವಾಗಿ ಎತ್ತಬಲ್ಲ ಬಲಶಾಲಿಯು ಒಳ್ಳೆಯ ನೆಗೆತಗಾರನಾಗಿಯೇ ಇರಬೇಕೆಂಬ ನಿಯಮವಿಲ್ಲದಿರುವುದು ಇದರಿಂದಲೇ. ಬಲವು ಎಷ್ಟಿದೆ ಎಂಬುದರ ಜತೆಗೆ ಎಷ್ಟು ಬೇಗ ಹೊರಹೊಮ್ಮುತ್ತದೆ ಎಂಬುದೂ ಮುಖ್ಯ.

ಎರಡು ಸಹಾಯಗಳನ್ನು ಇಲ್ಲಿ ಹೇಳಬೇಕು. ನೆಗೆಯುವ ಮುನ್ನ ಥಟ್ಟನೆ ತಗ್ಗಿ ಒಡನೆಯೇ ಮೇಲೇಳುವುದು ಒಂದು. ಹೀಗೆ ಮಾಡಿದಾಗ ಸ್ನಾಯುಗಳು ಮೊದಲೇ ಬಿಗಿಗೊಂಡಿರುತ್ತವೆ; ಹಿಗ್ಗಿದ ಸ್ನಾಯುರಜ್ಜುಗಳು ಸ್ಪ್ರಿಂಗಿನಂತೆ ಸ್ವಲ್ಪ ಶಕ್ತಿಯನ್ನು ಕೂಡಿಟ್ಟು ಹಿಂದಿರುಗಿಸುತ್ತವೆ. ತಗ್ಗಿದ ನಿಲುವಿನಲ್ಲಿ ಒಂದೆರಡು ಸೆಕೆಂಡು ನಿಂತು ಆಮೇಲೆ ನೆಗೆದರೆ ಈ ಲಾಭ ಕಳೆದುಹೋಗುತ್ತದೆ. ಮತ್ತೊಂದು, ತೋಳುಗಳನ್ನು ಹಿಂದಿನಿಂದ ಮುಂದಕ್ಕೆ ಮೇಲಕ್ಕೆ ಬೀಸುವುದು. ಇದರಿಂದ ನೆಗೆತವು ಸುಮಾರು ಹತ್ತನೆಯ ಒಂದು ಪಾಲಿನಷ್ಟೋ ಇನ್ನೂ ಹೆಚ್ಚೋ ಏರುವುದುಂಟು. ವಾಚಕರು ಸೊಂಟದ ಮೇಲೆ ಕೈಯಿಟ್ಟು ಒಮ್ಮೆ, ಕೈ ಬೀಸಿ ಒಮ್ಮೆ ನೆಗೆದು ಇದನ್ನು ತಾವೇ ಪರೀಕ್ಷಿಸಿಕೊಳ್ಳಬಹುದು.

ಗೋಡೆ ಮತ್ತು ಸೀಮೆಸುಣ್ಣ

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ದೀರ್ಘಕಾಲ ವ್ಯಾಯಾಮ ಶಿಕ್ಷಣವನ್ನು ನಡೆಸಿದ ಡಡ್ಲಿ ಸಾರ್ಜೆಂಟ್ ಎಂಬವರು ೧೯೨೧ರಲ್ಲಿ ಒಂದು ಲೇಖನವನ್ನು ಪ್ರಕಟಿಸಿ, ನಿಂತಲ್ಲಿಂದ ಮೇಲಕ್ಕೆ ನೆಗೆಯುವುದನ್ನೇ ಮನುಷ್ಯನ ದೇಹಸಾಮರ್ಥ್ಯದ ಪರೀಕ್ಷೆಯಾಗಿ ಬಳಸಬಹುದೆಂದು ಸೂಚಿಸಿದರು. ಮುಂದೆ ಗೋಡೆಯ ಮೇಲೆ ಗುರುತು ಮಾಡುವ ಸುಲಭ ವಿಧಾನವು ರೂಢಿಗೆ ಬಂದು, ಅವರ ಹೆಸರಿನಿಂದಲೇ ಸಾರ್ಜೆಂಟ್ ಪರೀಕ್ಷೆ ಎನಿಸಿಕೊಂಡಿತು. ಇದಕ್ಕೆ ಬೇಕಾದುದು ಒಂದು ಎತ್ತರದ ಗೋಡೆ, ಸೀಮೆಸುಣ್ಣದ ಪುಡಿ, ಅಳತೆಯ ಟೇಪು, ಮತ್ತು ಪ್ರಾಮಾಣಿಕತೆ.

ಗೋಡೆಗೆ ಪಕ್ಕವಾಗಿ ನಿಂತು, ಎರಡು ಹಿಮ್ಮಡಿಗಳೂ ನೆಲಕ್ಕೆ ತಾಗಿರುವಂತೆ, ಗೋಡೆಯ ಬದಿಯ ಕೈಯನ್ನು ಭುಜಸಮೇತ ಪೂರ್ಣವಾಗಿ ಮೇಲಕ್ಕೆ ಚಾಚಿ ಬೆರಳಿನ ಗುರುತು ಮಾಡಬೇಕು. ಅನಂತರ ನೆಗೆದು ತುದಿಯಲ್ಲಿ ಮತ್ತೊಂದು ಗುರುತು. ಎರಡರ ನಡುವಿನ ಅಂತರವೇ ನೆಗೆತ. ಸಾಮಾನ್ಯವಾಗಿ ಮೂರು ಸಲ ನೆಗೆಯಿಸಿ ಅತ್ಯುತ್ತಮವಾದುದನ್ನು ಬರೆದುಕೊಳ್ಳುತ್ತಾರೆ.

ಇಷ್ಟು ಸರಳವಾದ ಪರೀಕ್ಷೆಯಲ್ಲಿ ತಪ್ಪು ನುಸುಳುವುದೆಲ್ಲಿ? ಮೇಲಿನ ಗುರುತಿನಲ್ಲಿ ಎಂದು ಎಲ್ಲರೂ ಭಾವಿಸುತ್ತಾರೆ. ಆದರೆ ಹೆಚ್ಚಿನ ಅಪಾಯವಿರುವುದು ಕೆಳಗಿನ ಗುರುತಿನಲ್ಲಿ. ಜಾಣನೊಬ್ಬ ಭುಜವನ್ನು ಸ್ವಲ್ಪ ಇಳಿಬಿಟ್ಟು ಮೊದಲ ಗುರುತನ್ನು ತಗ್ಗಿನಲ್ಲಿ ಹಾಕಿದರೆ, ನೆಗೆಯದೆಯೇ ಹಲವು ಸೆಂಟಿಮೀಟರುಗಳನ್ನು ಸಂಪಾದಿಸಿದಂತಾಯಿತು. ಅದಕ್ಕೆ ವಿರುದ್ಧವಾಗಿ, ‘ಆದಷ್ಟು ಮೇಲಕ್ಕೆ ಚಾಚು’ ಎಂಬ ಮಾತನ್ನು ಅಕ್ಷರಶಃ ನಂಬಿದ ಹುಡುಗ ಅರಿವಿಲ್ಲದೆ ಹಿಮ್ಮಡಿಯನ್ನೆತ್ತಿಬಿಟ್ಟರೆ, ಅಷ್ಟೂ ಸೆಂಟಿಮೀಟರುಗಳನ್ನು ಅವನು ಕಳೆದುಕೊಳ್ಳುತ್ತಾನೆ.

ಗೋಡೆಯ ಹಂಗಿಲ್ಲದ ಇನ್ನೊಂದು ಉಪಾಯವುಂಟು. ಗಾಳಿಯಲ್ಲಿದ್ದ ಕಾಲವನ್ನು ಅಳೆಯುವುದು. ಆ ಕಾಲದ ವರ್ಗವನ್ನು ಗುರುತ್ವ ವೇಗೋತ್ಕರ್ಷದಿಂದ ಗುಣಿಸಿ ೮ರಿಂದ ಭಾಗಿಸಿದರೆ ನೆಗೆತದ ಎತ್ತರ ಬರುತ್ತದೆ. ೦.೫೭ ಸೆಕೆಂಡಿಗೆ ಸುಮಾರು ೪೦ ಸೆಂ.ಮೀ., ೦.೬೪ಕ್ಕೆ ೫೦, ೦.೭೦ಕ್ಕೆ ೬೦. ಇಟಲಿಯ ಕಾರ್ಮೆಲೊ ಬಾಸ್ಕೊ ಮತ್ತು ಅವರ ಸಂಗಡಿಗರು ೧೯೮೩ರಲ್ಲಿ ಪ್ರಕಟಿಸಿದ ಪರೀಕ್ಷೆಯು ಈ ತತ್ತ್ವವನ್ನೇ ಅವಲಂಬಿಸಿದೆ. ಕಾಲು ತಾಗಿದಾಗ ಮತ್ತು ಬಿಟ್ಟಾಗ ಗಡಿಯಾರಕ್ಕೆ ಸಂಕೇತ ಕೊಡುವ ಚಾಪೆಯ ಮೇಲೆ ಆಟಗಾರನು ಒಂದೇ ಸಮನೆ ನೆಗೆಯುತ್ತಾನೆ. ಒಂದು ನೆಗೆತದ ಎತ್ತರವಷ್ಟೇ ಅಲ್ಲ, ದಣಿವಿನಿಂದ ಅದು ಎಷ್ಟು ಕುಗ್ಗುತ್ತದೆಂಬುದೂ ಇದರಿಂದ ತಿಳಿಯುತ್ತದೆ. ಐದು ಸೆಟ್ಟುಗಳ ಪಂದ್ಯದಲ್ಲಿ ಈ ಎರಡನೆಯ ಅಂಶಕ್ಕೆ ಬೆಲೆ ಹೆಚ್ಚು.

ಇಂದು ಜೇಬಿನಲ್ಲಿರುವ ಮೊಬೈಲ್ ಫೋನೇ ಈ ಚಾಪೆಯ ಕೆಲಸವನ್ನು ಮಾಡಬಲ್ಲದು. ಆದರೆ ಅದರ ಮಿತಿಯನ್ನು ತಿಳಿದಿರಬೇಕು. ಸೆಕೆಂಡಿಗೆ ೩೦ ಚಿತ್ರ ತೆಗೆಯುವ ಸಾಮಾನ್ಯ ವಿಡಿಯೋದಲ್ಲಿ ಒಂದು ಚಿತ್ರದಷ್ಟು ತಪ್ಪಿದರೆ, ೫೦ ಸೆಂ.ಮೀ. ನೆಗೆತದ ಲೆಕ್ಕದಲ್ಲಿ ೫ ಸೆಂ.ಮೀ. ವ್ಯತ್ಯಾಸ ಬರುತ್ತದೆ, ಸೆಕೆಂಡಿಗೆ ೨೪೦ ಚಿತ್ರಗಳ ನಿಧಾನಗತಿಯ ವಿಡಿಯೋದಲ್ಲಿ ಅದೇ ತಪ್ಪು ೭ ಮಿಲಿಮೀಟರಿಗಿಂತ ಕಡಿಮೆ. ಇನ್ನೊಂದು ಎಚ್ಚರಿಕೆ: ನೆಲ ಬಿಟ್ಟ ನಿಲುವಿನಲ್ಲಿಯೇ, ಕಾಲು ನೆಟ್ಟಗಿರಿಸಿ, ಬೆರಳೂರಿ ಇಳಿದ ಮೇಲೆ ಮಂಡಿ ಮಡಿಸಬೇಕು. ಗಾಳಿಯಲ್ಲಿರುವಾಗಲೇ ಮಂಡಿ ಮಡಿಸಿಕೊಂಡರೆ ನೆಲ ಮುಟ್ಟುವುದು ತಡವಾಗಿ, ಇಲ್ಲದ ಎತ್ತರ ಲೆಕ್ಕಕ್ಕೆ ಸೇರುತ್ತದೆ.

ಊರು ಬದಲಾದರೆ ನೆಗೆತವೂ ಬದಲಾಗುವುದೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಸಮುದ್ರಮಟ್ಟದಲ್ಲಿರುವ ಮಂಗಳೂರಿನಲ್ಲಿ ಗುರುತ್ವ ವೇಗೋತ್ಕರ್ಷ ಸುಮಾರು ೯.೭೮೩, ಎತ್ತರದಲ್ಲಿರುವ ಬೆಂಗಳೂರಿನಲ್ಲಿ ೯.೭೮೦; ಲಂಡನ್ನಿನಲ್ಲಿ ೯.೮೧೨. ನೆಲ ಬಿಡುವ ವೇಗವೊಂದೇ ಆದರೆ, ಮಂಗಳೂರಿನಲ್ಲಿ ೫೦ ಸೆಂ.ಮೀ. ನೆಗೆದವನು ಲಂಡನ್ನಿನಲ್ಲಿ ಒಂದೂವರೆ ಮಿಲಿಮೀಟರು ಕಡಿಮೆ ನೆಗೆದಾನು; ಬೆಂಗಳೂರಿಗೂ ನಮಗೂ ಇರುವ ಅಂತರ ಒಂದು ಕಾಗದದ ದಪ್ಪದಷ್ಟು. ಆದರೆ ಪಣಂಬೂರಿನ ಕಡಲತೀರಕ್ಕೆ ಹೋಗಿ ಮರಳಿನ ಮೇಲೆ ನೆಗೆದು ನೋಡಿದರೆ ಹಲವು ಸೆಂಟಿಮೀಟರುಗಳೇ ನಷ್ಟವಾಗುತ್ತವೆ. ಕಾಲಿನ ಕೆಳಗಿನ ಮರಳು ಸರಿದು, ಕಾಲು ಮಾಡಿದ ಕೆಲಸದ ಒಂದಂಶವನ್ನು ನುಂಗಿಬಿಡುತ್ತದೆ. ಇಡೀ ಭೂಗೋಳದ ಸೆಳೆತದಲ್ಲಿರುವ ವ್ಯತ್ಯಾಸಕ್ಕಿಂತ ಅಂಗಾಲಿನ ಕೆಳಗಿನ ನೆಲದ ವ್ಯತ್ಯಾಸ ದೊಡ್ಡದು! ಇಬ್ಬರನ್ನು ಹೋಲಿಸುವಾಗ ನೆಲ, ಪಾದರಕ್ಷೆ, ಮೈ ಬಿಸಿ ಮಾಡಿಕೊಳ್ಳುವ ವ್ಯಾಯಾಮ ಇವೆಲ್ಲ ಒಂದೇ ಆಗಿರಬೇಕೆಂಬುದು ಇದರಿಂದ ಸ್ಪಷ್ಟ.

ಮೊದಲೇ ಹೇಳಬಹುದೇ?

ಅಳತೆಯ ಬಳಿಕ ಅಂದಾಜಿನ ಪ್ರಶ್ನೆ ಬರುತ್ತದೆ. ಹುಡುಗನ ಎತ್ತರ, ತೂಕ, ಕಾಲಿನ ಉದ್ದ, ತೊಡೆಯ ಸುತ್ತಳತೆ, ಅಲ್ಪದೂರದ ಓಟದ ಕಾಲ, ನಿಂತಲ್ಲಿಂದ ಮುಂದಕ್ಕೆ ನೆಗೆಯುವ ದೂರ ಇವುಗಳನ್ನು ಅಳೆದು, ಅವನು ಎಷ್ಟು ಎತ್ತರ ನೆಗೆಯುವನೆಂದು ಮುಂದಾಗಿ ಹೇಳಬಹುದೇ? ವ್ಯಾಯಾಮ ವಿಜ್ಞಾನಿಗಳು ಅನೇಕ ದೇಶಗಳಲ್ಲಿ ಇಂಥ ಸೂತ್ರಗಳನ್ನು ಹೆಣೆದಿದ್ದಾರೆ. ಬಹಳ ಮಂದಿಯನ್ನು ಅಳೆದು, ಒಂದೊಂದು ಗುಣವೂ ನೆಗೆತದೊಡನೆ ಎಷ್ಟರಮಟ್ಟಿಗೆ ಜತೆಯಾಗಿ ಏರಿಳಿಯುತ್ತದೆಂಬುದನ್ನು ನೋಡಿ, ಅದಕ್ಕೆ ತಕ್ಕ ತೂಕವನ್ನು ಕೊಡುವುದು ಇಲ್ಲಿಯ ಕ್ರಮ. ಹೀಗೆ ಜತೆಯಾಗಿರುವ ಪ್ರಮಾಣಕ್ಕೆ ಸಹಸಂಬಂಧವೆಂದು ಹೆಸರು. ಅದು ೧ ಆದರೆ ಒಂದರಿಂದ ಇನ್ನೊಂದನ್ನು ತಪ್ಪಿಲ್ಲದೆ ಹೇಳಬಹುದು. ಸೊನ್ನೆಯಾದರೆ ಏನನ್ನೂ ಹೇಳಲಾಗದು.

ಇದೇ ಕ್ರಮವನ್ನು ಹಿಂದುಮುಂದಾಗಿಸಿ, ನೆಗೆತದಿಂದ ಕಾಲಿನ ಸಾಮರ್ಥ್ಯವನ್ನು ಊಹಿಸುವುದೂ ಉಂಟು. ಸೇಯರ್ಸ್ ಮತ್ತು ಸಂಗಡಿಗರು ೧೯೯೯ರಲ್ಲಿ ಕೊಟ್ಟ ಸೂತ್ರವು ಪ್ರಸಿದ್ಧವಾಗಿದೆ. ಸೆಂಟಿಮೀಟರುಗಳಲ್ಲಿ ನೆಗೆತವನ್ನು ೬೦.೭ರಿಂದಲೂ, ಕಿಲೋಗ್ರಾಂಗಳಲ್ಲಿ ತೂಕವನ್ನು ೪೫.೩ರಿಂದಲೂ ಗುಣಿಸಿ, ಕೂಡಿಸಿ, ಮೊತ್ತದಿಂದ ೨೦೫೫ನ್ನು ಕಳೆದರೆ ಗರಿಷ್ಠ ಸಾಮರ್ಥ್ಯ ವಾಟ್‌ಗಳಲ್ಲಿ ದೊರೆಯುತ್ತದೆ. ೬೦ ಕಿಲೋಗ್ರಾಂ ತೂಕದ ಹುಡುಗ ೫೦ ಸೆಂ.ಮೀ. ನೆಗೆದರೆ ೩೬೯೮ ವಾಟ್, ಎಂದರೆ ಸುಮಾರು ಐದು ಅಶ್ವಶಕ್ತಿ! ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರವೇ ಆದರೂ ಬೆರಗಿನ ಸಂಗತಿಯೇ ಸರಿ.

ಆದರೆ ಅಂದಾಜಿನ ಸೂತ್ರಗಳನ್ನು ಎಷ್ಟು ನಂಬಬಹುದು? ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದು ಗುಂಪಿನ ಹುಡುಗರ ನೆಗೆತವು ಸರಾಸರಿಯಿಂದ ಆಚೀಚೆ ಚದರಿರುವ ಪ್ರಮಾಣ, ಎಂದರೆ ಮಾನಕ ವಿಚಲನೆ, ೬ ಸೆಂ.ಮೀ. ಎಂದಿರಲಿ. ನಮ್ಮ ಸೂತ್ರಕ್ಕೂ ನಿಜವಾದ ನೆಗೆತಕ್ಕೂ ೦.೭ರಷ್ಟು ಸಹಸಂಬಂಧವಿರಲಿ; ಇದು ಸಾಕಷ್ಟು ಒಳ್ಳೆಯ ಸಂಬಂಧವೆಂದೇ ಹೇಳಬೇಕು. ಆದರೂ ಗಣಿತ ಹೇಳುವುದೇನು? ೦.೭ರ ವರ್ಗ ೦.೪೯, ವ್ಯತ್ಯಾಸದ ಅರ್ಧದಷ್ಟನ್ನು ಮಾತ್ರ ಸೂತ್ರ ವಿವರಿಸಿತು. ಊಹೆಯ ಆಚೀಚೆ ಇನ್ನೂ ೪.೩ ಸೆಂ.ಮೀ. ಚದರಿಕೆ ಉಳಿಯುತ್ತದೆ. ಸೂತ್ರವು ‘೪೫’ ಎಂದು ಹೇಳಿದ ಹುಡುಗರಲ್ಲಿ ಮೂರನೆಯ ಎರಡು ಪಾಲು ಮಂದಿ ಸುಮಾರು ೪೧ರಿಂದ ೪೯ರವರೆಗೆ ನೆಗೆದಾರು; ಉಳಿದವರು ಅದರಿಂದಲೂ ಹೊರಗೆ. ನೂರು ಹುಡುಗರ ಗುಂಪನ್ನು ಕುರಿತು ಸೂತ್ರ ಹೇಳಿದ ಮಾತು ಬಹುಮಟ್ಟಿಗೆ ನಿಜವಾದೀತು. ಎದುರಿಗೆ ನಿಂತ ಒಬ್ಬ ಹುಡುಗನನ್ನು ಕುರಿತು ಅದು ತೀರ್ಪು ಕೊಡಲಾರದು.

ಮತ್ತೊಂದು ಸೂಕ್ಷ್ಮವಿದೆ. ಸಾಮಾನ್ಯ ಜನರಲ್ಲಿ ಚೆನ್ನಾಗಿ ಕೆಲಸ ಮಾಡುವ ಸೂತ್ರವು ಆಯ್ದ ಆಟಗಾರರಲ್ಲಿ ಸೊರಗಿಹೋಗುತ್ತದೆ. ಎಲ್ಲರೂ ಎತ್ತರದವರೇ, ಎಲ್ಲರೂ ವೇಗಿಗಳೇ ಆದಮೇಲೆ, ಎತ್ತರದಿಂದಾಗಲಿ ಓಟದಿಂದಾಗಲಿ ಅವರಲ್ಲಿ ಭೇದವೆಣಿಸುವುದು ಕಷ್ಟ. ಒಂದು ದೇಶದ ಪಳಗಿದ ಆಟಗಾರರಿಂದ ಪಡೆದ ಸೂತ್ರವನ್ನು ನಮ್ಮೂರಿನ ಹದಿನಾರರ ಹುಡುಗಿಗೆ ಅನ್ವಯಿಸುವುದೂ ಇಂಥದೇ ತಪ್ಪು. ಜತೆಗೆ ನೆಗೆತವು ಹುಟ್ಟಿನೊಡನೆ ಬಂದ ಮಾರ್ಪಡದ ಗುಣವಲ್ಲ. ಬೆಳೆಯುವ ವಯಸ್ಸಿನಲ್ಲಿ ಅದು ತಾನಾಗಿ ಏರುತ್ತದೆ, ಕ್ರಮವಾದ ಅಭ್ಯಾಸದಿಂದ ಇನ್ನಷ್ಟು ಏರುತ್ತದೆ. ಅಭ್ಯಾಸ ಅತಿಯಾದರೆ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ನೊಂದು, ಇದ್ದ ನೆಗೆತವೂ ಕುಗ್ಗಬಹುದು. ಇಂದಿನ ಅಂಕವು ಇಂದಿನದು ಮಾತ್ರ.

ಹಾಗಾದರೆ ಪರೀಕ್ಷೆಯೇ ಬೇಡವೆನ್ನಬೇಕೆ? ಹಾಗಲ್ಲ. ಒಬ್ಬ ಆಟಗಾರನನ್ನು ಅವನೊಡನೆಯೇ ಹೋಲಿಸುವುದು ಪರೀಕ್ಷೆಯ ಅತ್ಯುತ್ತಮ ಉಪಯೋಗ. ಜೂನ್ ತಿಂಗಳಲ್ಲಿ ಎಷ್ಟಿತ್ತು, ಡಿಸೆಂಬರಿನಲ್ಲಿ ಎಷ್ಟಾಯಿತು, ಅಭ್ಯಾಸ ಫಲ ಕೊಡುತ್ತಿದೆಯೇ, ದಣಿವು ಹೆಚ್ಚಾಗಿದೆಯೇ ಎಂಬುದನ್ನೆಲ್ಲ ಒಂದು ಗೋಡೆ ಹೇಳಬಲ್ಲದು. ಇಬ್ಬರ ನಡುವೆ ಆರಿಸುವುದಕ್ಕೂ ಅದು ನೆರವಾಗಬಹುದು. ಆದರೆ ಅಳತೆಯ ತಪ್ಪಿಗಿಂತ ಚಿಕ್ಕದಾದ ಅಂತರವನ್ನು ಅಂತರವೆಂದು ಎಣಿಸಕೂಡದು.

ಈಗ ನನ್ನ ವಿದ್ಯಾರ್ಥಿಯ ಕಡೆಗೆ ಬರೋಣ. ಕಾಲೇಜಿನ ಹಿಂಬದಿಯ ಗೋಡೆಯ ಬಳಿ ಅವನನ್ನು ಕರೆದೊಯ್ದು, ‘ಅಂದು ಹೇಗೆ ನಿಂತಿದ್ದೆಯೋ ಹಾಗೆಯೇ ನಿಂತು ಕೈ ಚಾಚು’ ಎಂದೆನು. ಚಾಚಿದನು. ನಾನು ಬಗ್ಗಿ ಅವನ ಕಾಲನ್ನು ನೋಡಿದೆನು. ಹಿಮ್ಮಡಿ ನೆಲ ಬಿಟ್ಟಿತ್ತು. ಹಿಮ್ಮಡಿಯೂರಿ ಮತ್ತೆ ಗುರುತು ಮಾಡಿಸಿದಾಗ ಅದು ೪ ಸೆಂ.ಮೀ. ಕೆಳಗೆ ಬಂದಿತು. ಅನಂತರ ನಡುನಡುವೆ ವಿಶ್ರಾಂತಿ ಕೊಟ್ಟು ಐದು ಸಲ ನೆಗೆಯಿಸಿದೆನು: ೪೩, ೪೬, ೪೭, ೪೫, ೪೬. ಸರಾಸರಿ ೪೫.೪. ಐದರಲ್ಲಿ ಒಂದು ಸಲ ಅವನು ಅನುತ್ತೀರ್ಣ, ನಾಲ್ಕು ಸಲ ಉತ್ತೀರ್ಣ. ಹುಡುಗನೊಬ್ಬನೇ, ಗೋಡೆಯೊಂದೇ, ದಿನವೂ ಒಂದೇ.

ಆ ಅಳತೆಯಿಂದ ಅವನಿಗೆ ತಂಡದಲ್ಲಿ ಸ್ಥಳ ಸಿಕ್ಕಲಿಲ್ಲ. ಪಟ್ಟಿ ಆಗಲೇ ಮುಗಿದುಹೋಗಿತ್ತು. ಅವನು ಗೋಡೆಯ ಮೇಲಿನ ಗುರುತುಗಳನ್ನು ಬಹಳ ಹೊತ್ತು ನೋಡುತ್ತ ನಿಂತು, ‘ಹಾಗಾದರೆ ನಾನು ನೆಗೆದದ್ದು ಸುಳ್ಳಾಗಿರಲಿಲ್ಲ’ ಎಂದಷ್ಟೇ ಹೇಳಿದನು. ಮುಂದಿನ ವರ್ಷ ಕಾಲೇಜಿನ ಕಿರಿಯ ವಿದ್ಯಾರ್ಥಿಗಳ ನೆಗೆತವನ್ನು ಅಳೆಯುವ ಕೆಲಸವನ್ನು ತಾನೇ ವಹಿಸಿಕೊಂಡನು. ಉಳಿದವರೆಲ್ಲ ತಲೆಯೆತ್ತಿ ಬೆರಳಿನ ಗುರುತನ್ನು ನೋಡುತ್ತಿದ್ದರೆ, ಅವನು ಮಾತ್ರ ಮೊಣಕಾಲೂರಿ ಕುಳಿತು ಪ್ರತಿಯೊಬ್ಬರ ಹಿಮ್ಮಡಿಯ ಕೆಳಗೆ ಒಂದು ಕಾಗದದ ಚೂರನ್ನು ತೂರಿಸಿ ಪರೀಕ್ಷಿಸುತ್ತಿದ್ದನು.